ಆ್ಯಪ್ ಇರಲಿ, ಕೌಂಟರ್ ಮುಚ್ಚಬೇಡಿ

ಸರ್ಕಾರಿ ಕೆಲಸ ಮೊಬೈಲಿನಲ್ಲಿ ಆಗಲೇಬಾರದು ಎನ್ನುವವನು ನಾನಲ್ಲ. ದಿಶಾಂಕ್ ಆ್ಯಪ್ ನನಗೆ ಬಹಳ ಇಷ್ಟ. ನಿಂತ ಜಾಗ ಯಾವ ಸರ್ವೆ ನಂಬರು ಅಂತ ಅಲ್ಲೇ ತೋರಿಸುತ್ತದೆ. (ಅದನ್ನೇ ಹಿಡಿದುಕೊಂಡು ಬೇಲಿ ಜಗಳಕ್ಕೆ ಹೋಗಬೇಡಿ ಮಾರಾಯ್ರೆ, ಅದಕ್ಕೆ ಸರ್ವೆಯವರೇ ಬರಬೇಕು.)

ಆದರೆ ಮಾಹಿತಿ ತೋರಿಸುವ ಆ್ಯಪ್ ಬೇರೆ, ಕಚೇರಿಯ ಕೆಲಸವನ್ನು ನಮ್ಮ ತಲೆಗೆ ಕಟ್ಟುವ ಆ್ಯಪ್ ಬೇರೆ. ನನ್ನ ತಕರಾರು ಎರಡನೆಯದರ ಬಗ್ಗೆ.

ಬೆಳೆ ಸಮೀಕ್ಷೆಯನ್ನೇ ನೋಡಿ. ತಮ್ಮ ಜಮೀನಿನಲ್ಲಿ ಯಾವ ಬೆಳೆ ಇದೆ ಅಂತ ರೈತರೇ ಆ್ಯಪಿನಲ್ಲಿ ಫೋಟೊ ತೆಗೆದು ಹಾಕುವ ಪದ್ಧತಿ 2020ರಲ್ಲಿ ಬಂತು. ಬಯಲುಸೀಮೆಯ ಹೊಲದಲ್ಲಿ ಇದು ಸಲೀಸು ಇರಬಹುದು. ನಮ್ಮ ಶಿರಸಿ ಕಡೆಯ ತೋಟದಲ್ಲಿ ಅಡಿಕೆ ಮರ, ಅದಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ, ನಡುವೆ ಬಾಳೆ, ಒಂದಿಷ್ಟು ಏಲಕ್ಕಿ. ಒಂದೊಂದನ್ನೂ ಬೇರೆ ಬೇರೆ ಸೇರಿಸಬೇಕು. ದಟ್ಟ ಮರಗಳ ಅಡಿ ಜಿಪಿಎಸ್ ಸರಿಯಾಗಿ ಸಿಗುವುದಿಲ್ಲ. ಫೋಟೊ ಹೇಗೋ ತೆಗೆದರೂ ಅಪ್‌ಲೋಡ್ ಮಾಡಲು ಗುಡ್ಡ ಹತ್ತಬೇಕು. ಮಳೆಗಾಲದಲ್ಲಿ ಕರೆಂಟ್ ಹೋಯಿತೋ, ಸ್ವಲ್ಪ ಹೊತ್ತಿಗೆ ಟವರೂ ಹೋಯಿತು. ಕೊನೆಗೆ ಎಲ್ಲರೂ ಊರಿನ ಪಿಆರ್ ಹುಡುಗನನ್ನೇ (ಸಮೀಕ್ಷೆ ಮಾಡಲೆಂದು ಗೊತ್ತು ಮಾಡಿದ ಸ್ಥಳೀಯ ಹುಡುಗ) ಹುಡುಕುತ್ತಾರೆ. ಅವನು ಊರಿಡೀ ಸುತ್ತಬೇಕಲ್ಲ, 'ಅಡಿಕೆ' ಅಂತ ಹಾಕಿ ಮುಂದಿನ ತೋಟಕ್ಕೆ ಹೋಗುತ್ತಾನೆ.

ಅಷ್ಟಕ್ಕೇ ಮುಗಿದಿದ್ದರೆ ಚಿಂತೆ ಇರಲಿಲ್ಲ. ಪಹಣಿಯ ಬೆಳೆ ಕಾಲಂಗೆ ಹೋಗುವುದು ಇದೇ ಮಾಹಿತಿ. ಬೆಳೆ ವಿಮೆಗೂ ಪರಿಹಾರಕ್ಕೂ ಇದನ್ನೇ ತಾಳೆ ನೋಡುತ್ತಾರೆ. ಪಕ್ಕದ ಮನೆಯ ಅಜ್ಜ ಪಹಣಿ ಹಿಡಿದು ಬಂದು, "ತಮಾ, ಇದ್ರಲ್ಲಿ ಮೆಣಸೇ ಕಾಣ್ತಿಲ್ಲೆ" ಎಂದರು. ತೋಟದ ತುಂಬ ಮೆಣಸಿನ ಬಳ್ಳಿ ಇದೆ, ಕಾಗದದಲ್ಲಿ ಇಲ್ಲ. ಕಚೇರಿಯಲ್ಲಿ ಕೇಳಿದರೆ, ಆ್ಯಪಿನಲ್ಲೇ ಆಕ್ಷೇಪಣೆ ಹಾಕಿ ಎಂಬ ಉತ್ತರ. ಅಜ್ಜನ ಹತ್ತಿರ ಇರುವುದು ಬಟನ್ ಫೋನು!

ಹಾಗಂತ ಕೆಳಗಿನ ಸಿಬ್ಬಂದಿಯನ್ನು ಸುಮ್ನೆ ಬೈದು ಪ್ರಯೋಜನವಿಲ್ಲ. 2024ರ ಸೆಪ್ಟೆಂಬರಿನಲ್ಲಿ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳೇ ಮುಷ್ಕರ ಕೂತಿದ್ದರು. ಆ್ಯಪ್ ಮೇಲೆ ಆ್ಯಪ್ ಹೇರುತ್ತೀರಿ, ಮೊಬೈಲು, ಲ್ಯಾಪ್‌ಟಾಪು ಮಾತ್ರ ಕೊಡುವುದಿಲ್ಲ ಎನ್ನುವುದು ಅವರ ದೂರುಗಳಲ್ಲೊಂದು. ಅವರೂ ನಮ್ಮ ಹಾಗೇ ಸಿಗ್ನಲ್ ಹುಡುಕುವವರು.

'ಭೂಮಿ' ಯೋಜನೆ ನೆನಪಿದೆಯಾ? ಪಹಣಿ ಕೈಬರಹದಿಂದ ಕಂಪ್ಯೂಟರಿಗೆ ಬಂದಾಗ ಕಂಪ್ಯೂಟರ್ ಕಲಿತಿದ್ದು ತಾಲ್ಲೂಕು ಕಚೇರಿ. ರೈತ ಕೌಂಟರಿನಲ್ಲಿ 15 ರೂಪಾಯಿ ಕೊಟ್ಟು ಪಹಣಿ ತಗೊಂಡು ಮನೆಗೆ ಬಂದ. ಕಷ್ಟ ಅವರದು, ಅನುಕೂಲ ನಮ್ಮದು. ಈಗ ಪೂರ್ತಿ ಉಲ್ಟಾ.

ಇನ್ನೊಂದು ವಿಷಯ ಜಾಸ್ತಿ ಜನರ ಗಮನಕ್ಕೆ ಬಂದಿಲ್ಲ ಅನಿಸುತ್ತದೆ. ಸಕಾಲ ಕಾಯ್ದೆಯಡಿ ಬರುವ ಸೇವೆಗೆ ಅರ್ಜಿ ಕೊಟ್ಟರೆ ಒಂದು ನಂಬರ್ ಸಿಗುತ್ತದೆ, ಗಡುವು ಇರುತ್ತದೆ. ತಡ ಮಾಡಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಮೊಬೈಲಿನಲ್ಲಿ 'ಸರ್ವರ್ ಎರರ್' ಬಂದರೆ? ಅರ್ಜಿಯೇ ದಾಖಲಾಗಿಲ್ಲ. ಗಡುವು ಶುರುವಾಗುವುದೇ ಇಲ್ಲ. ನಾವು ಗುಡ್ಡದ ಮೇಲೆ ಕಳೆದ ದಿನಗಳು ಯಾವ ಲೆಕ್ಕಕ್ಕೂ ಬರುವುದಿಲ್ಲ, ಕಡತದಲ್ಲಿ ಮಾತ್ರ ಎಲ್ಲವೂ ಸಕಾಲಕ್ಕೆ ಆಗಿರುತ್ತದೆ.

ಹಾಗಾಗಿ ಮೊದಲು ಆಗಬೇಕಾದ್ದು ಇಷ್ಟು. ಬೆಳೆ ತಪ್ಪಾಗಿದ್ದರೆ ಕಾಗದದಲ್ಲಿ ಬರೆದ ಆಕ್ಷೇಪಣೆಯನ್ನೂ ರೈತ ಸಂಪರ್ಕ ಕೇಂದ್ರದಲ್ಲಿ ತಗೊಳ್ಳಲಿ. ಸೀಲು, ತಾರೀಕು ಹಾಕಿ ಒಂದು ಪ್ರತಿ ವಾಪಸ್ ಕೊಡಲಿ. ಆಮೇಲೆ ಅದನ್ನು ಆ್ಯಪಿಗೆ ಏರಿಸುವ ಕೆಲಸ ಕಚೇರಿಯದು.