ದೀರ್ಘಕಾಲದ ಕಾಯಿಲೆಗೆ ನಿಕೋಟಿನ್ ಪ್ಯಾಚ್: ಬೇಕೇ, ಬೇಡವೇ?

ಪರ

ಸಿಗರೇಟು ಬಿಡಿಸಲೆಂದು ಬಂದ, ಚರ್ಮಕ್ಕೆ ಅಂಟಿಸಿಕೊಳ್ಳುವ ನಿಕೋಟಿನ್ ಪ್ಯಾಚನ್ನು ಬೇರೆ ಕಾಯಿಲೆಗೂ ಹಚ್ಚಬಹುದೆಂದರೆ, ಹೊಗೆಸೊಪ್ಪಿನ ಕೆಡುಕನ್ನು ಹತ್ತಿರದಿಂದ ಕಂಡಿರುವ ನಮ್ಮ ಮಂಗಳೂರು, ಉಡುಪಿ ಕಡೆಯವರು ಹೌಹಾರುವುದು ಸಹಜ. ಆದರೆ ಹೊಗೆಯಲ್ಲಿರುವ ಟಾರು, ಕಾರ್ಬನ್ ಮೊನಾಕ್ಸೈಡ್ ಯಾವುದೂ ಪ್ಯಾಚಿನಲ್ಲಿಲ್ಲ. ಚರ್ಮದ ಮೂಲಕ ನಿಕೋಟಿನ್ ನಿಧಾನವಾಗಿ ರಕ್ತಕ್ಕೆ ಸೇರುವುದರಿಂದ ಚಟ ಹತ್ತುವ ಸಂಭವವೂ ಸಿಗರೇಟಿಗಿಂತ ಬಹಳ ಕಡಿಮೆ.

ದೊಡ್ಡ ಕರುಳು ಹುಣ್ಣಾಗಿ ರಕ್ತಭೇದಿಯಾಗುವ ಅಲ್ಸರೇಟಿವ್ ಕೊಲೈಟಿಸ್, ಧೂಮಪಾನಿಗಳಿಗಿಂತ ಅದನ್ನು ಬಿಟ್ಟವರಲ್ಲೇ ಹೆಚ್ಚು. ಈ ಜಾಡು ಹಿಡಿದು ಬ್ರಿಟನ್ನಿನಲ್ಲಿ 72 ರೋಗಿಗಳ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮಾಮೂಲಿ ಔಷಧಿಯ ಜೊತೆಗೆ 6 ವಾರ ನಿಕೋಟಿನ್ ಪ್ಯಾಚ್ ಹಚ್ಚಿಕೊಂಡ 35 ಮಂದಿಯಲ್ಲಿ 17 ಮಂದಿಗೆ ರೋಗಲಕ್ಷಣ ಪೂರ್ತಿ ಇಳಿಯಿತು. ಔಷಧವಿಲ್ಲದ ಪ್ಯಾಚ್ ಹಚ್ಚಿಕೊಂಡ 37 ಮಂದಿಯಲ್ಲಿ 9 ಮಂದಿಗಷ್ಟೇ ಇಳಿಯಿತು. ದಿನಕ್ಕೆ ಹತ್ತಾರು ಸಲ ಶೌಚಕ್ಕೆ ಓಡುತ್ತ, ಮಂಗಳೂರಿನಿಂದ ಉಡುಪಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕೂರಲೂ ಅಂಜುವ ರೋಗಿಗೆ ಬೇರೆ ಔಷಧಿ ನಾಟದಿದ್ದಾಗ, ವೈದ್ಯರ ನಿಗಾದಲ್ಲಿ ಕೆಲವು ವಾರ ಪ್ರಯತ್ನಿಸುವ ಅವಕಾಶವನ್ನು ಬರಿಯ ಹೆಸರಿಗೆ ಹೆದರಿ ತಪ್ಪಿಸುವುದು ಅನ್ಯಾಯ.

ವಿರೋಧ

ಆ 'ಕೆಲವು ವಾರ'ದಲ್ಲೇ ತೊಡಕಿದೆ. ದೀರ್ಘಕಾಲದ ಕಾಯಿಲೆ ವರ್ಷಗಟ್ಟಲೆ ಕಾಡುತ್ತದೆ. ಕೊಲೈಟಿಸ್ ಮರುಕಳಿಸದಂತೆ ತಡೆಯುವುದೇ ಎಂದು 6 ತಿಂಗಳು ನೋಡಿದ, 1995ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಪ್ಯಾಚಿನಿಂದ ಹೆಚ್ಚುವರಿ ಪ್ರಯೋಜನವೇನೂ ಕಾಣಲಿಲ್ಲ. ಕೈಕಾಲು ನಡುಗಿ, ಚಲನೆ ನಿಧಾನವಾಗುವ ಪಾರ್ಕಿನ್ಸನ್ ಕಾಯಿಲೆಯಲ್ಲೂ ಪ್ಯಾಚಿನ ಮೇಲೆ ದೊಡ್ಡ ಆಸೆಯಿತ್ತು. 2023ರಲ್ಲಿ ಪ್ರಕಟವಾದ, ಜರ್ಮನಿ ಮತ್ತು ಅಮೆರಿಕದ 162 ರೋಗಿಗಳ ಪರೀಕ್ಷೆಯಲ್ಲಿ ಒಂದು ವರ್ಷ ಹಚ್ಚಿದರೂ ರೋಗದ ಓಟ ನಿಧಾನವಾಗಲಿಲ್ಲ. ಲಾಭ ಇಷ್ಟು ಅನಿಶ್ಚಿತವಾಗಿರುವಾಗ ಅಪಾಯವನ್ನು ಹಗುರವಾಗಿ ಕಾಣಲಾಗದು.

ನಿಕೋಟಿನ್ ಎದೆಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ, ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ಬಿಪಿ, ಹೃದಯದ ತೊಂದರೆ ಇರುವವರಿಗೆ ಇದು ಸಣ್ಣ ಮಾತಲ್ಲ. ನಿದ್ದೆಗೇಡು, ವಿಚಿತ್ರ ಕನಸು, ಚರ್ಮದ ತುರಿಕೆ ಇದ್ದದ್ದೇ. ದಿನಕ್ಕೆ 10ಕ್ಕಿಂತ ಹೆಚ್ಚು ಸಿಗರೇಟು ಸೇದುವವರಿಗೆಂದು ಇರುವ 21 ಮಿಲಿಗ್ರಾಂ ಪ್ಯಾಚನ್ನು ಎಂದೂ ಸೇದದವರು ಒಮ್ಮೆಲೇ ಹಚ್ಚಿಕೊಂಡರೆ ತಲೆಸುತ್ತು, ವಾಂತಿ ಶುರುವಾಗಬಹುದು.

ನಮ್ಮ ಕರಾವಳಿಯ ಬದುಕೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಚರ್ಮ ಬಿಸಿಯಾದಷ್ಟೂ ನಿಕೋಟಿನ್ ಬೇಗ ಒಳಸೇರುತ್ತದೆ. ಬಚ್ಚಲಿನ ಹಂಡೆಯಿಂದ ಹಬೆಯಾಡುವ ನೀರು ಮೈಮೇಲೆ ಹೊಯ್ದುಕೊಳ್ಳುವಾಗಲೂ, ಏಪ್ರಿಲ್‌ನ ಬಿಸಿಲಿನಲ್ಲಿ ದುಡಿಯುವಾಗಲೂ ಇದೇ ಆಗಬಹುದು. ಬೆವರಿಗೂ ಎಣ್ಣೆಸ್ನಾನಕ್ಕೂ ಪ್ಯಾಚ್ ಕಿತ್ತುಬರುತ್ತದೆ. ಬಿಸಾಡಿದ ಪ್ಯಾಚಿನಲ್ಲೂ ಎಳೆಯ ಮಗುವಿಗೆ ವಿಷವಾಗುವಷ್ಟು ನಿಕೋಟಿನ್ ಉಳಿದಿರುತ್ತದೆ.

ಎಲ್ಲಕ್ಕಿಂತ ನನಗೆ ಆತಂಕ ಹುಟ್ಟಿಸುವುದು ಎಲೆಯಡಿಕೆಯ ಹರಿವಾಣ. 'ನಾನು ಸಿಗರೇಟು ಮುಟ್ಟುವವಳಲ್ಲ' ಎಂದು ಪ್ರಾಮಾಣಿಕವಾಗಿಯೇ ಹೇಳುವ ಅಜ್ಜಿಯ ಕವಳದಲ್ಲಿ ಹೊಗೆಸೊಪ್ಪಿರುತ್ತದೆ. ಬೀಡಿ ಕಟ್ಟುವವರ ಬೆರಳುಗಳ ಮೂಲಕವೂ ನಿಕೋಟಿನ್ ಮೈಗೆ ಸೇರುತ್ತದೆ. ಇದರ ಮೇಲೆ ಪ್ಯಾಚ್ ಬಿದ್ದರೆ ಪ್ರಮಾಣ ಕೈಮೀರಬಹುದು. ಕವಳದ ಬಗ್ಗೆ, ಬೀಡಿ ಕೆಲಸದ ಬಗ್ಗೆ ವಿಚಾರಿಸದೆ, ಬಿಪಿ ನೋಡದೆ, ಯಾವಾಗ ನಿಲ್ಲಿಸಬೇಕೆಂದು ಮೊದಲೇ ಗೊತ್ತುಮಾಡದೆ ಯಾರೂ ಇದನ್ನು ಬರೆದುಕೊಡಬಾರದು.