ಜಾಸ್ತಿ ತೋರಿಸುವ ಗೈಡ್ ನನಗೆ ಬೇಡ

"ಇಷ್ಟು ದುಡ್ಡು ಸುರಿದು ಬಂದಿದ್ದೀವಿ ಕಣೋ, ಒಂದು ಕಡಲಕುದುರೆನಾದ್ರೂ ತೋರಿಸಬಾರದಿತ್ತಾ ಅವನು?"

ಬೊನೇರ್‌ನಲ್ಲಿ ಮೊದಲ ಸ್ಕೂಬಾ ಡೈವ್ ಮುಗಿಸಿ ಬೆನ್ನಿನ ಗಾಳಿ ಟ್ಯಾಂಕ್ ಇಳಿಸುತ್ತಿದ್ದ ಹಾಗೇ ಗೆಳೆಯ ಶುರು ಮಾಡಿದ. ಮೈಸೂರಿನವನು, ನನ್ನ ಹಾಗೇ ಹ್ಯೂಸ್ಟನ್‌ನಲ್ಲಿ ಕೆಲಸ. ಇಬ್ಬರಿಗೂ ಈ ಹುಚ್ಚು ಹಿಡಿದಿದ್ದು ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋದಾಗ. ಅಲ್ಲಿ ಗೈಡ್ ನಮ್ಮ ಬೆನ್ನಿನ ಟ್ಯಾಂಕ್ ಹಿಡಿದುಕೊಂಡೇ ಸುತ್ತಾಡಿಸಿದ್ದ. ಅವತ್ತಿನಿಂದ ಗೈಡ್ ಅಂದರೆ ತೋರಿಸುವವನು ಅಂತಲೇ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ.

ಬೊನೇರ್ ಇರುವುದು ಕೆರಿಬಿಯನ್‌ನಲ್ಲಿ, ವೆನೆಜುವೆಲಾದ ಉತ್ತರಕ್ಕೆ. ಡಚ್ಚರ ಕೈಯಲ್ಲಿರುವ ಪುಟ್ಟ ದ್ವೀಪ. ಕಾರಿನ ನಂಬರ್ ಪ್ಲೇಟ್ ಮೇಲೇ ‘ಡೈವರ್ಸ್ ಪ್ಯಾರಡೈಸ್’ ಅಂತ ಬರೆದುಕೊಂಡಿರುವ ಊರು. ಪಿಕಪ್ ಬಾಡಿಗೆಗೆ ತಗೊಂಡು, ಹಿಂದೆ ಟ್ಯಾಂಕ್ ಹೇರಿಕೊಂಡು ಹೊರಟರೆ ಆಯ್ತು. ರಸ್ತೆ ಬದಿಯಲ್ಲಿ ಹಳದಿ ಬಣ್ಣ ಬಳಿದ ಕಲ್ಲು, ಅದರ ಮೇಲೆ ಜಾಗದ ಹೆಸರು. ಅಲ್ಲಿ ನಿಲ್ಲಿಸಿ, ನಡೆದುಕೊಂಡೇ ಸಮುದ್ರಕ್ಕೆ ಇಳಿಯಬಹುದು. ಹೆಚ್ಚಿನ ಕಡೆ ಗೈಡ್ ಕಡ್ಡಾಯ ಅಲ್ಲ. ಆದರೂ ನಾವು ಎರಡು ದಿನಕ್ಕೆ ಗೈಡ್ ತಗೊಂಡೆವು. ನನ್ನ ಹಟ ಅದು.

ಕಾರಣ ಇದೆ. ಕೆಲವು ವರ್ಷದ ಹಿಂದೆ ಬೇರೊಂದು ಕಡೆ ಗೈಡ್ ಒಬ್ಬ ಕಬ್ಬಿಣದ ಕಡ್ಡಿ ಹಾಕಿ ಬಿಲದಿಂದ ಆಕ್ಟೋಪಸ್ ಎಬ್ಬಿಸಿದ. ಅದು ಬಣ್ಣ ಬದಲಿಸಿತು, ಮಸಿ ಚೆಲ್ಲಿತು, ಓಡಿತು. ನಾವು ಸುತ್ತ ನಿಂತು ವಿಡಿಯೋ ಮಾಡಿದೆವು. ದಡಕ್ಕೆ ಬಂದು ಅವನಿಗೆ ದಪ್ಪ ಟಿಪ್ಸ್ ಬೇರೆ! ನಾಳೆ ಅವನು ಕಡ್ಡಿ ಬಿಟ್ಟು ಬರ್ತಾನಾ? ಕಡ್ಡಿ ಅವನ ಕೈಯಲ್ಲಿತ್ತು ನಿಜ, ಬಾಡಿಗೆ ಕೊಟ್ಟವನು ನಾನೇ ಅಲ್ವಾ?

ಬೊನೇರ್ ಗೈಡ್ ಬೇರೆ ಥರ. ಇಲ್ಲಿ ಮೊದಲು ಸಮುದ್ರ ಪಾರ್ಕಿನ ಶುಲ್ಕ 40 ಡಾಲರ್ ಕಟ್ಟಬೇಕು, ನಿಯಮಗಳ ಪಾಠ ಕೇಳಬೇಕು, ಆಮೇಲೆ ಒಂದು ಪರೀಕ್ಷೆಯ ಡೈವ್. ಎಷ್ಟೇ ಅನುಭವ ಇದ್ದರೂ ಬಿಡಲ್ಲ. ಗ್ಲೌಸ್ ಹಾಕುವ ಹಾಗಿಲ್ಲ. ನನಗೆ ಇದು ಮೊದಲು ಸುಮ್ನೆ ಕಿರಿಕಿರಿ ಅನಿಸಿತ್ತು. ನೀರಿಗಿಳಿದ ಮೇಲೆ ಅರ್ಥ ಆಯ್ತು. ಗ್ಲೌಸ್ ಇದ್ದರೆ ಕೈ ತಾನಾಗಿ ಏನನ್ನಾದರೂ ಹಿಡಿಯುತ್ತದೆ. ಬರಿಗೈ ಆದರೆ ಬೆಂಕಿ ಹವಳದ ಉರಿ ನೆನಪಾಗಿ ಹಿಂದಕ್ಕೆ ಬರುತ್ತದೆ. ಮಿದುಳಿನ ಆಕಾರದ ಆ ದುಂಡು ಹವಳ ವರ್ಷಕ್ಕೆ ಬೆಳೆಯುವುದು ಕೆಲವೇ ಮಿಲಿಮೀಟರ್. ನಮ್ಮ ಒಂದು ಒದೆತ ಎಷ್ಟು ವರ್ಷದ ಲೆಕ್ಕ ಅಂತ ನೀವೇ ನೋಡಿ.

ಒದೆಯೋಕೆ ಹೋದವನೂ ನಾನೇ, ಇನ್ನೇನು ಒದ್ದೇ ಬಿಡುತ್ತಿದ್ದೆ. ಕ್ಯಾಮೆರಾ ಹಿಡಿದು ಬಗ್ಗಿದ್ದಾಗ ಗೈಡ್ ಹಿಂದಿನಿಂದ ನನ್ನ ಫಿನ್, ಅಂದರೆ ಕಾಲಿಗೆ ಹಾಕುವ ಈಜುರೆಕ್ಕೆ, ಹಿಡಿದು ಮೇಲಕ್ಕೆತ್ತಿದ. ಕೆಳಗೆ ಜಿಂಕೆಕೊಂಬಿನ ಹವಳ, ಗೇಣು ದೂರದಲ್ಲಿ. ಸಿಟ್ಟು ಬಂತು, ಫೋಟೋ ಹಾಳಾಯ್ತು ಅಂತ. ಆಮೇಲೆ ನಾಚಿಕೆ ಆಯ್ತು.

ಅವನು ತಾನಾಗಿ ತೋರಿಸಿದ್ದು ಒಂದೇ, ಹವಳದ ಮೇಲೆ ಹರಡಿದ ಬಿಳಿ ಮಚ್ಚೆ. 2023ರಲ್ಲಿ ಇಲ್ಲಿಗೂ ಬಂದ ರೋಗ ಅದು, ಗಟ್ಟಿ ಹವಳದ ಜೀವಂತ ಪದರವನ್ನೇ ತಿಂದುಹಾಕುತ್ತದೆ. ಅದಕ್ಕೇ ದಿನದ ಕೊನೆಗೆ ನಮ್ಮ ಸಾಮಾನನ್ನೆಲ್ಲ ಔಷಧಿ ನೀರಲ್ಲಿ ಅದ್ದಿಸಿದ. ಗೆಳೆಯನ ಮುಖ ನೋಡಬೇಕಿತ್ತು. ಕಡಲಕುದುರೆ ಇಲ್ಲ, ಪಾತ್ರೆ ತೊಳೆಯೋ ಕೆಲಸ ಬೇರೆ!

ಈ ಊರು ಮೊದಲಿನಿಂದ ಹೀಗೇ ಇರಲಿಲ್ಲ. 1962ರಲ್ಲಿ ಹಾಯಿದೋಣಿಯಲ್ಲಿ ಬಂದ ಅಮೆರಿಕದ ಡಾನ್ ಸ್ಟೀವರ್ಟ್, ಇಲ್ಲಿ ಎಲ್ಲರ ಬಾಯಲ್ಲೂ ‘ಕ್ಯಾಪ್ಟನ್ ಡಾನ್’. ಲಂಗರು ಬಿದ್ದರೆ ಹವಳ ಪುಡಿ ಅಂತ, ದೋಣಿ ಕಟ್ಟಲು ಶಾಶ್ವತ ತೇಲುಬುರುಡೆಗಳನ್ನು ಹಾಕಿಸಿದವರಲ್ಲಿ ಅವರು ಮುಂಚೂಣಿಯವರು. ಭರ್ಚಿಯಿಂದ ಮೀನು ಬೇಟೆ ನಿಂತಿದ್ದು 1971ರಲ್ಲಿ. 1979ರಲ್ಲಿ ದ್ವೀಪದ ಸುತ್ತಲ ಸಮುದ್ರ, 60 ಮೀಟರ್ ಆಳದವರೆಗೆ, ಪಾರ್ಕ್ ಆಯ್ತು.

ನನ್ನನ್ನು ನಿಜವಾಗಿ ಅಲುಗಾಡಿಸಿದ್ದು ರಾತ್ರಿ ಡೈವ್. ಇಲ್ಲಿ ಟಾರ್ಪನ್ ಅನ್ನುವ ದೊಡ್ಡ ಬೆಳ್ಳಿ ಮೀನುಗಳಿವೆ, ಆಳುದ್ದ ಬೆಳೆಯುತ್ತವೆ. ಡೈವರ್‌ಗಳ ಟಾರ್ಚ್ ಹಿಂದೆಯೇ ಬರುತ್ತವೆ. ನಾವು ಬೆಳಕು ಬಿಟ್ಟಲ್ಲಿ ಅವುಗಳಿಗೆ ಊಟ. ಗೈಡ್ ಮೊದಲೇ ಹೇಳಿದ್ದ, "ಮಲಗಿರುವ ಮೀನಿನ ಮೇಲೆ ಬೆಳಕು ನಿಲ್ಲಿಸಬೇಡಿ" ಅಂತ. ನಾನು ನಿಲ್ಲಿಸಿದೆ, ಎರಡೇ ಕ್ಷಣ. ನೀಲಿ ಬಣ್ಣದ ಪುಟ್ಟ ಮೀನು, ಚೆಂದ ಇತ್ತು. ಕಿವಿ ಪಕ್ಕದಲ್ಲೇ ಏನೋ ಬೆಳ್ಳಗೆ ನುಗ್ಗಿತು. ಮೀನು ಇಲ್ಲ.

ಉಳಿದ ಹೊತ್ತೆಲ್ಲ ಟಾರ್ಚ್ ಮರಳಿನ ಕಡೆಗೇ ಹಿಡಿದಿದ್ದೆ.

ಬೊನೇರ್‌ಗೆ ಹೋಗುವ ಯೋಚನೆ ಇದ್ದವರು ಕಡ್ಡಾಯ ಇಲ್ಲದಿದ್ದರೂ ಮೊದಲ ಎರಡು ದಿನ ಗೈಡ್ ತಗೊಳ್ಳಿ. ಏನೇನು ತೋರಿಸ್ತೀರಿ ಅಂತ ಕೇಳಬೇಡಿ. ಒಬ್ಬ ಗೈಡ್ ಜೊತೆ ಎಷ್ಟು ಜನ ಇಳೀತಾರೆ ಅಂತ ಕೇಳಿ. ಟಿಪ್ಸ್ ಕೊಡುವಾಗ ಫಿನ್ ಹಿಡಿದು ಎತ್ತಿದವನಿಗೆ ಸ್ವಲ್ಪ ಜಾಸ್ತಿನೇ ಕೊಡಿ. ನಾನು ಕೊಟ್ಟೆ. ಗೆಳೆಯ ಐದು ಡಾಲರ್ ಕೊಟ್ಟು, ವಿಮಾನ ಹತ್ತುವವರೆಗೂ ಕಡಲಕುದುರೆ ಜಪ ಮಾಡುತ್ತಲೇ ಇದ್ದ.