ಹುಲ್ಲು ಮೂಸುವವನ ಪಾಡು

ಕುದುರೆ ಸಾಕಿದವರು ಸಿಕ್ಕರೆ ಜನ ಕೇಳುವುದೆಲ್ಲ ಸವಾರಿಯ ವಿಷಯವೇ. ಎಷ್ಟು ಜೋರಾಗಿ ಓಡುತ್ತೆ, ಒದೆಯುತ್ತಾ, ಯಾವಾಗಲಾದರೂ ಬಿದ್ದಿದ್ದೀರಾ? ನಿಜ ಹೇಳುತ್ತೇನೆ, ನಾನು ಕುದುರೆಯ ಬೆನ್ನ ಮೇಲೆ ಕೂತದ್ದಕ್ಕಿಂತ ಹುಲ್ಲಿನ ಪೆಂಡಿಯ ಮೇಲೆ ಕೂತು ಚೌಕಾಶಿ ಮಾಡಿದ್ದೇ ಹೆಚ್ಚು. 500 ಕಿಲೋ ತೂಗುವ ಕುದುರೆಗೆ ದಿನಕ್ಕೆ 8ರಿಂದ 10 ಕಿಲೋ ಒಣಹುಲ್ಲು ಬೇಕು. ಅದಕ್ಕೆ ಭಾನುವಾರ, ಹಬ್ಬ, ಉಪವಾಸ ಒಂದೂ ಇಲ್ಲ.

ಮಾರುವವರು ತೋರಿಸುವುದು ಪೆಂಡಿಯ ಹೊರಮೈ. ಕುದುರೆ ತಿನ್ನುವುದು ಒಳಗಿನದು. ನಮ್ಮ ಜಗಳವೆಲ್ಲ ಈ ಎರಡರ ನಡುವೆ. ಬಿಸಿಲಿಗೆ ಹೊರಗಿನ ಎರಡು ಬೆರಳಷ್ಟು ಹುಲ್ಲು ಬಿಳಿಚಿಕೊಂಡಿದ್ದರೆ ತೊಂದರೆಯೇನಿಲ್ಲ, ಒಳಗೆ ಹಸಿರಿದ್ದರೆ ಆಯಿತು. ಆದರೆ "ಒಂದು ಪೆಂಡಿ ಬಿಚ್ಚಿ ತೋರಿಸಿ" ಅಂದು ನೋಡಿ. ಮಗನ ಅಂಕಪಟ್ಟಿ ಕೇಳಿದ ಹಾಗೆ ಅವರ ಮುಖ ಗಂಟಾಗುತ್ತದೆ.

"ಬಿಚ್ಚಿದ್ರೆ ಮತ್ತೆ ಕಟ್ಟೋರು ಯಾರು ಸಾರ್? ನಂಬಿಕೆ ಮೇಲೆ ತಗೊಳ್ಳಿ."

ನಂಬಿಕೆಗೆ ಬೂಷ್ಟು ಹಿಡಿಯುವುದಿಲ್ಲ, ಹುಲ್ಲಿಗೆ ಹಿಡಿಯುತ್ತದೆ. ದಾರ ಕತ್ತರಿಸಿ, ನಡುವಿನಿಂದ ಒಂದು ಹಿಡಿ ಎಳೆದು ಮೂಗಿಗೆ ಹಿಡಿದೆ. ಒಳ್ಳೆಯ ಹುಲ್ಲಿಗೆ ತಿಳಿಯಾದ, ಸ್ವಲ್ಪ ಸಿಹಿಯಾದ ವಾಸನೆ ಇರುತ್ತದೆ. ಇದರಿಂದ ಬೂದು ಧೂಳು ಭುಸ್ಸೆಂದು ಎದ್ದಿತು. ನಾನು ಸೀನಿದ ಸೀನಿಗೆ ಮೇಲಿದ್ದ ಪಾರಿವಾಳಗಳು ಹಾರಿಹೋದವು.

"ನಿಮಗೆ ಶೀತ ಆಗಿದೆ ಸಾರ್," ಅಂದರು, ಬಹಳ ಕಳಕಳಿಯಿಂದ.

ಇಂಥ ಧೂಳು ಕುದುರೆಯ ಶ್ವಾಸಕೋಶಕ್ಕೆ ಹೋದರೆ ಕೆಮ್ಮು, ಉಬ್ಬಸ. ಬೂಷ್ಟು ಹೊಟ್ಟೆಗೆ ಹೋದರೆ ಇನ್ನೂ ಕಷ್ಟ. ಇಷ್ಟು ದೊಡ್ಡ ಪ್ರಾಣಿಗೆ ವಾಂತಿ ಮಾಡಲು ಬರುವುದಿಲ್ಲ! ಒಳಗೆ ಹೋದದ್ದು ಮುಂದಕ್ಕೇ ಹೋಗಬೇಕು, ಬಂದ ದಾರಿಯಲ್ಲಿ ವಾಪಸ್ಸಿಲ್ಲ. ಹೊಟ್ಟೆಶೂಲೆ ಬಂದು ಕುದುರೆ ಉರುಳಾಡುವುದನ್ನು ಒಮ್ಮೆ ನೋಡಿದವರು ಜನ್ಮಪೂರ್ತಿ ಹುಲ್ಲು ಮೂಸುತ್ತಾರೆ. "ನಮ್ಮ ಹಸುಗಳು ಇದನ್ನೇ ತಿಂದು ಗಟ್ಟಿಮುಟ್ಟಾಗಿವೆ" ಎನ್ನುವ ವಾದವನ್ನೂ ಕೇಳಿಸಿಕೊಂಡೆ. ಹಸುವಿನ ಹೊಟ್ಟೆಯಲ್ಲಿ ನಾಲ್ಕು ಕೋಣೆ, ಸಾಲದ್ದಕ್ಕೆ ಮೆಲುಕು ಹಾಕುವ ಪುರುಸೊತ್ತು. ಕುದುರೆಗೆ ಇರುವುದು ಒಂದೇ ಕೋಣೆ, ಅದೂ ಚಿಕ್ಕದು.

ಬೂಷ್ಟಿಗೆ ಕಾರಣ ಸೋಮಾರಿತನವಲ್ಲ, ಅವಸರ. ಮೋಡ ಕಂಡ ಕೂಡಲೇ ಅರೆ ಒಣಗಿದ್ದನ್ನೇ ಪೆಂಡಿ ಕಟ್ಟಿಬಿಡುತ್ತಾರೆ. ತೇವ ಶೇಕಡಾ 15ರ ಆಸುಪಾಸು ಇದ್ದರೆ ಹುಲ್ಲು ಉಳಿಯುತ್ತದೆ. 20 ದಾಟಿತೋ, ಒಳಗೊಳಗೇ ಬಿಸಿಯಾಗತೊಡಗುತ್ತದೆ. ಬೆಂಕಿಕಡ್ಡಿ ಗೀರುವವರೇ ಇಲ್ಲದೆ ಬಣವೆಗಳು ಹೊತ್ತಿಕೊಂಡದ್ದುಂಟು. ಅದಕ್ಕೇ ನಾನು ಪೆಂಡಿಯೊಳಗೆ ಮೊಣಕೈವರೆಗೆ ಕೈ ತೂರಿಸಿ ಶಾಖ ನೋಡುತ್ತೇನೆ. ಒಮ್ಮೆ ಹೀಗೇ ತೂರಿಸಿದಾಗ ಒಳಗೆ ವಾಸವಿದ್ದ ಇಲಿ ನನ್ನ ಬೆರಳಿನ ಗುಣಮಟ್ಟ ಪರೀಕ್ಷಿಸಿತು. ಅಂಗಡಿಯವರು ಅದನ್ನೂ ಬಿಡಲಿಲ್ಲ: "ಹುಲ್ಲು ಚೆನ್ನಾಗಿದ್ರೆ ತಾನೆ ಸಾರ್ ಇಲಿ ಬರೋದು!"

ಬೇರೆ ಕಡೆ ಒಳ್ಳೆಯದು ಸಿಕ್ಕಿತು. ತೆನೆ ಬಲಿಯುವ ಮೊದಲೇ ಕೊಯ್ದದ್ದು, ಎಲೆ ಹೆಚ್ಚು, ಕಾಂಡ ತೆಳು. ಸತ್ವವೆಲ್ಲ ಎಲೆಯಲ್ಲಿ, ಬಲಿತ ಕಾಂಡವೆಂದರೆ ಬರೀ ನಾರು. ಆದರೆ ಮಾರುವುದು ಪೆಂಡಿ ಲೆಕ್ಕದಲ್ಲಿ, ಕುದುರೆ ತಿನ್ನುವುದು ಕಿಲೋ ಲೆಕ್ಕದಲ್ಲಿ. ಒಂದು ಪೆಂಡಿ 15 ಕಿಲೋ ಇದ್ದರೆ ಪಕ್ಕದ್ದು 20 ಇರಬಹುದು. ಮನೆಯ ತೂಕದ ಯಂತ್ರ ತಂದು, ಪೆಂಡಿಯನ್ನು ತಬ್ಬಿಕೊಂಡು ಅದರ ಮೇಲೆ ನಿಂತೆ. ಪೆಂಡಿ ತಬ್ಬಿದವನಿಗೆ ಕೆಳಗಿನ ಅಂಕಿ ಕಾಣುವುದಿಲ್ಲ ಎಂಬುದು ಆಮೇಲೆ ಹೊಳೆಯಿತು. ಹೆಂಡತಿಯನ್ನು ಕರೆದೆ.

"ತೊಂಬತ್ತೆಂಟು," ಅಂದಳು. "ಇದರಲ್ಲಿ ನಿಮ್ಮದೆಷ್ಟು?"

ಕಳೆಯುವ ಲೆಕ್ಕಕ್ಕೆ ಅದು ಬೇಕೇಬೇಕಿತ್ತು. ನಾನು ಹೇಳಿದ ಸಂಖ್ಯೆಯನ್ನು ಅವಳು ನಂಬಲಿಲ್ಲ. ಪೆಂಡಿ ಇಳಿಸಿ ಒಬ್ಬನೇ ನಿಲ್ಲಬೇಕಾಯಿತು. ಹುಲ್ಲಿನ ತೂಕ ಯಾರಿಗೂ ನೆನಪಿಲ್ಲ. ನನ್ನದು ಈಗ ನೆಂಟರಿಗೆಲ್ಲ ಗೊತ್ತು.

ಮೇವನ್ನು ಒಮ್ಮೆಗೇ ಬದಲಿಸಬಾರದು, ವಾರ-ಹತ್ತು ದಿನ ಹಳೆಯದರ ಜೊತೆ ಬೆರೆಸಿ ಹೊಸದನ್ನು ಹೆಚ್ಚಿಸುತ್ತ ಹೋಗಬೇಕು. ಕುದುರೆಯ ಕರುಳಿನಲ್ಲಿ ನಾರನ್ನು ಕರಗಿಸುವ ಸೂಕ್ಷ್ಮಜೀವಿಗಳು ಹೊಂದಿಕೊಳ್ಳಲು ಅಷ್ಟು ಸಮಯ ಕೇಳುತ್ತವೆ. ಕೂತು, ಎಳೆ ಎಳೆ ಬಿಡಿಸಿ, ಎರಡನ್ನೂ ಚೆನ್ನಾಗಿ ಬೆರೆಸಿಟ್ಟೆ. ಕುದುರೆ ನನಗಿಂತ ಶ್ರದ್ಧೆಯಿಂದ ಅದನ್ನು ಮತ್ತೆ ಬೇರ್ಪಡಿಸಿತು. ಆ ದಪ್ಪ ತುಟಿಗಳಲ್ಲಿ ಅಷ್ಟು ನಾಜೂಕು ಹೇಗೆ ಬರುತ್ತದೋ! ಹಳೆಯದನ್ನೆಲ್ಲ ಮುಗಿಸಿ, ನಾನು ಮೂಸಿ, ಕೈ ತೂರಿಸಿ, ಮಾನ ಕಳೆದುಕೊಂಡು ತಂದ ಹೊಸ ಹುಲ್ಲನ್ನು ಗೊರಸಿನಿಂದ ನೆಲಕ್ಕೆಳೆದು ಹರಡಿತು. ಗಟ್ಟಿ ನೆಲದ ಮೇಲೆ ಉಚ್ಚೆ ಹೊಯ್ದರೆ ಕಾಲಿಗೆ ಸಿಡಿಯುತ್ತದೆಂದು ಕುದುರೆಗಳು ಮೆತ್ತನೆಯ ಜಾಗ ಹುಡುಕುತ್ತವೆ. ನಮ್ಮದಕ್ಕೆ ಅಂಥ ಜಾಗ ಈಗ ಸಿಕ್ಕಿತ್ತು.